ಕಟ್ಟೆಯ ಮೇಲಿನ ಡಂಬೆಲ್

ನಮ್ಮೂರಲ್ಲಿ ಸಂಜೆ ಎದುರು ಸಿಕ್ಕವರು ಕಾಫಿ ಆಯಿತೇ ಎಂದು ಕೇಳುವುದಿಲ್ಲ, ಕಬ್ಬಿಣ ಎತ್ತಿಟ್ಟಿರಾ ಎಂದು ಕೇಳುತ್ತಾರೆ. ಹೌದು ಎಂದರೆ ಮುಂದಿನ ಮಾತು. ಇಲ್ಲ ಎಂದರೆ ಮೊದಲು ಮನೆಗೆ ಹೋಗಿ ಎಂದು ಅಲ್ಲಿಂದಲೇ ಅಟ್ಟುತ್ತಾರೆ. ಒಂದು ಬೆಳಗಿನಿಂದ ಇನ್ನೊಂದು ಬೆಳಗಿನ ತನಕ ಯಾರೂ ಎತ್ತದೆ ಬಿಟ್ಟ ಕಬ್ಬಿಣ ಇಟ್ಟ ಜಾಗದಲ್ಲೇ ಕೂತುಬಿಡುತ್ತದೆ. ಕೂತದ್ದು ಆಮೇಲೆ ಯಾರಪ್ಪನಿಗೂ ಏಳುವುದಿಲ್ಲ. ಅಲುಗಿಸಿದರೆ, ಒಂದು ತುದಿ ಎತ್ತಿದರೆ ಲೆಕ್ಕಕ್ಕಿಲ್ಲ. ಪೂರ್ತಿ ಮೇಲೆ ಬಂದು ಕೆಳಗೆ ಗಾಳಿ ಹಾಯಬೇಕು. ಪೇಟೆ ಬೀದಿಯ ನಡುಮಧ್ಯೆ ಯಾವ ಕಾಲದಲ್ಲೋ ಕೂಲಿಯವನೊಬ್ಬ ಮರೆತು ಹೋದ ಗುದ್ದಲಿ ಇದೆ. ರಸ್ತೆಯೇ ಅದನ್ನು ಬಳಸಿಕೊಂಡು ಹೋಗುತ್ತದೆ. ಅಂಚೆ ಕಚೇರಿಯ ಗೋಡೆಗೆ ಒರಗಿಕೊಂಡಿರುವ ಸೈಕಲ್ಲು ವರ್ಗವಾಗಿ ಹೋದ ಪೋಸ್ಟ್‌ಮ್ಯಾನ್ ಒಬ್ಬನದು. ಅದರ ಕ್ಯಾರಿಯರ್ ಮೇಲೆ ಬೆಳಿಗ್ಗೆ ಬೆಳಿಗ್ಗೆ ಮುದುಕರು ಸರದಿಯಲ್ಲಿ ಕೂತು ಪೇಪರ್ ಓದುತ್ತಾರೆ.

ಹೀಗಾಗಿ ಪರವೂರಿಗೆ ಹೋಗುವವರು ಮನೆಯ ಬೀಗದ ಕೈ ಪಕ್ಕದವರಿಗೆ ಕೊಟ್ಟೇ ಹೋಗುವುದು. ಅವರು ದಿನಕ್ಕೊಮ್ಮೆ ಬಂದು ರೊಟ್ಟಿ ಹಂಚು, ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಮ್ಮೆ ಎತ್ತಿಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಜಗಳವಾಡಿ ಮಾತು ಬಿಟ್ಟ ದಾಯಾದಿಗಳೂ ಇದೊಂದನ್ನು ಬಿಡುವುದಿಲ್ಲ. ಇನ್ನೊಬ್ಬರ ಕಬ್ಬಿಣ ಎತ್ತಿಡುವುದಕ್ಕಿಂತ ದೊಡ್ಡ ಉಪಕಾರ ನಮ್ಮಲ್ಲಿಲ್ಲ. ನಾನಂತೂ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವನು. ಹೈಸ್ಕೂಲಿನ ವಿಜ್ಞಾನದ ಕೋಣೆಗೆ ಅಟೆಂಡರ್ ಆಗಿದ್ದೆ. ಭಾನುವಾರ, ಬೇಸಿಗೆ ರಜೆ, ದೀಪಾವಳಿ ಎನ್ನದೆ ಹೋಗಿ ಸ್ಟ್ಯಾಂಡುಗಳನ್ನೂ ತೂಕದ ಬಟ್ಟುಗಳನ್ನೂ ಎತ್ತಿಟ್ಟು ಬರುತ್ತಿದ್ದೆ. ನಿವೃತ್ತನಾದ ದಿನ, ಇವರ ಕೈಯಲ್ಲಿ ಒಂದು ಸಾಮಾನೂ ಕೂರಲಿಲ್ಲ ಎಂದು ಹೆಡ್‌ಮಾಸ್ಟರು ಹೇಳಿ ಹಾರ ಹಾಕಿದರು. ಅಭ್ಯಾಸ ಮಾತ್ರ ನಿವೃತ್ತಿ ಆಗಲಿಲ್ಲ. ನೆಂಟರ ಮನೆಗೆ ಹೋದರೂ ಅವರ ಅಡುಗೆಮನೆಗೆ ನುಗ್ಗಿ ಹಂಚನ್ನು ಒಮ್ಮೆ ಎತ್ತಿಡದಿದ್ದರೆ ನನಗೆ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ನಿಮ್ಮ ಯಜಮಾನರಿಗೆ ಪುಕ್ಕಲು ಜಾಸ್ತಿ ಎಂದು ಅವರೆಲ್ಲ ನನ್ನ ಹೆಂಡತಿ ಇಂದುಮತಿಗೆ ಹೇಳಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ಇಂದುಮತಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದವಳು ಸೌಟನ್ನು ಕೈಬಿಟ್ಟಳು, ಆಮೇಲೆ ಕೈಯೇ ಅವಳನ್ನು ಬಿಟ್ಟಿತು. ಬಾಯಿ ಸೊಟ್ಟಗಾಗಿದ್ದು ಸರಿಹೋಯಿತು, ಮಾತು ಮರಳಿತು, ಕಾಲೆಳೆದುಕೊಂಡಾದರೂ ನಡೆಯತೊಡಗಿದಳು. ಬಲಗೈ ಒಂದು ಮಾತ್ರ ಬರಲಿಲ್ಲ. ಬೆರಳು ಮಡಚುತ್ತಿತ್ತು, ಬಿಗಿ ಇರುತ್ತಿರಲಿಲ್ಲ. ನಮ್ಮ ಬೀದಿಯ ಅರ್ಧ ಮನೆಗಳಿಗೆ ಸಾರಿನ ಪುಡಿ ಕುಟ್ಟಿಕೊಡುತ್ತಿದ್ದ ಕೈ ಅದು. ನೆಲದ ಮೇಲೆ ಕೂತು, ಕಲ್ಲಿನ ಒರಳಿಗೆ ಕಬ್ಬಿಣದ ಗಿಡ್ಡ ಒನಕೆ ಹಾಕುತ್ತಾ, ಮಿಕ್ಸಿಯವರನ್ನು ಆಡಿಕೊಳ್ಳುತ್ತಿದ್ದವಳಿಗೆ ಈಗ ನೆಲಕ್ಕೆ ಕೂತರೆ ಏಳಲು ನನ್ನ ಕೈ ಬೇಕು. ಆ ಒನಕೆಯನ್ನೂ ದಿನಾ ನಾನೇ ಎತ್ತಿಡುತ್ತಿದ್ದೆ.

ನನಗೆ ಹೆದರಿಕೆ ಇದ್ದದ್ದು ಕೈಯ ಬಗ್ಗೆ ಅಲ್ಲ. ನನ್ನ ಅಣ್ಣನಿಗೂ ಇದೇ ಆಗಿತ್ತು. ಅವನಿಗೂ ಡಾಕ್ಟರು ಭಾರ ಎತ್ತಲು ಹೇಳಿದ್ದರು, ಅವನೂ ಕಬ್ಬಿಣದ ಡಂಬೆಲ್ ತರಿಸಿ ಮಂಚದ ಪಕ್ಕ ಇಟ್ಟುಕೊಂಡಿದ್ದ. ಒಂದು ಬೆಳಿಗ್ಗೆ ಅದು ಕೂತುಬಿಟ್ಟಿತ್ತು. ಅಣ್ಣ ಅದನ್ನು ನೋಡಿದ, ಗೋಡೆಯ ಕಡೆ ಹೊರಳಿ ಮಲಗಿದ. ಆಮೇಲೆ ಈ ಕಡೆ ತಿರುಗಲೇ ಇಲ್ಲ. ಅತ್ತಿಗೆ ಎಷ್ಟು ಗೋಗರೆದರೂ ಕೈ ಎತ್ತಲಿಲ್ಲ, ಕಾಲು ಊರಲಿಲ್ಲ. ಹಾಗೇ ಹೋದ. ಡಂಬೆಲ್ ಈಗಲೂ ಅಲ್ಲೇ ಇದೆ, ಅದರ ಮೇಲೆ ಅತ್ತಿಗೆ ಹೂವಿನ ಕುಂಡ ಇಟ್ಟಿದ್ದಾಳೆ. ಕೈ ಬರದಿದ್ದರೆ ಹೋಗಲಿ, ಇಂದುಮತಿ ಗೋಡೆಯ ಕಡೆ ಹೊರಳದಿದ್ದರೆ ಸಾಕು ಎಂದು ನಾನು ಬೇಡಿಕೊಳ್ಳದ ದೇವರಿಲ್ಲ.

ಹೀಗಿರುವಾಗ ಫಿಸಿಯೋಥೆರಪಿಯ ಹುಡುಗಿ, ಹೊರ ಊರಿಂದ ಹೊಸದಾಗಿ ಬಂದವಳು, ಇನ್ನು ಆಸ್ಪತ್ರೆಗೆ ಓಡಾಡುವುದು ಬೇಡ, ಮನೆಯಲ್ಲೇ ವ್ಯಾಯಾಮ ಮಾಡಲಿ, ಏನಾದರೂ ಹಗುರದ ಸಲಕರಣೆ ತಂದು ಒಂದು ಮೂಲೆಯಲ್ಲಿ ಇಟ್ಟುಕೊಂಡಿರಿ ಎಂದಳು. ಮೂಲೆಯಲ್ಲಿ ಇಟ್ಟುಕೊಂಡಿರಬೇಕಂತೆ. ಅಲ್ಲಿ ಕೂತಿದ್ದ ರೋಗಿಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಆಗಲಿ ಎಂದೆ. ಆದರೆ ಅವತ್ತಿನಿಂದ ನನ್ನ ನಿದ್ದೆ ಹಾರಿಹೋಯಿತು.

ಮನೆಯಲ್ಲಿ ವ್ಯಾಯಾಮದ ಸಾಮಾನು ಇಟ್ಟುಕೊಳ್ಳುವುದೆಂದರೆ ಬೇರೆ ಊರುಗಳಲ್ಲಿ ಏನೋ ಗೊತ್ತಿಲ್ಲ, ನಮ್ಮೂರಲ್ಲಿ ಅದು ಮರ್ಯಾದೆಯ ಪ್ರಶ್ನೆ. ಬೇಸರವಾಯಿತು ಎಂದು ಒಂದು ದಿನ ಬಿಟ್ಟರೆ ನಿಮ್ಮ ಸೋಮಾರಿತನ ಹಜಾರದ ನಡುವೆ ಗೂಟ ಹೊಡೆದುಕೊಂಡು ಕೂರುತ್ತದೆ, ಬಂದವರೆಲ್ಲ ನೋಡುತ್ತಾರೆ. ಸೊಸೈಟಿ ಬ್ಯಾಂಕಿನ ಮ್ಯಾನೇಜರರ ಮನೆಗೆ ಹೋಗಿ ನೋಡಿದೆ. ಸೋಫಾಕ್ಕೂ ಟೀವಿಗೂ ನಡುವೆ ಎರಡು ದಪ್ಪ ಡಂಬೆಲ್ಲುಗಳು, ಬಾಗಿಲ ಪಕ್ಕ ಒಂದು ಉದ್ದನೆ ಕಂಬಿ. ಯುಗಾದಿಗೆ ಶುರು ಮಾಡಿದ್ದೆ ಎಂದು ಮ್ಯಾನೇಜರರು ಹೇಳಿಕೊಂಡರು, ಎಂದು ಬಿಟ್ಟೆ ಎಂದು ಹೇಳಲಿಲ್ಲ. ಅವರ ಹೆಂಡತಿ ಆ ಕಂಬಿಯನ್ನು ದಾಟುವಾಗ ಸೀರೆ ಎತ್ತಿಕೊಳ್ಳುವ ರೀತಿ ನೋಡಿದರೆ ಅದು ಬಹಳ ಹಳೆಯ ಅಭ್ಯಾಸ ಎಂದು ತಿಳಿಯುತ್ತಿತ್ತು. ಇನ್ನೊಬ್ಬರ ಮನೆಯಲ್ಲಿ ಟ್ರೆಡ್‌ಮಿಲ್ ನೋಡಿದೆ. ಅದು ಕೂತರೂ ಅಡ್ಡಿಯಿಲ್ಲ, ಹೇಗೂ ಎತ್ತುವ ಸಾಮಾನಲ್ಲ. ಅದರ ಮೇಲೆ ಅವರು ಹಪ್ಪಳ ಒಣಗಿಸುತ್ತಿದ್ದರು. ಅದು ಕಾಲಿಗೆ ಆಗುವುದು, ಕೈಗಲ್ಲ. ವ್ಯಾಯಾಮದ ಸೈಕಲ್ಲೂ ಹಾಗೇ. ಕೊನೆಗೆ ರಬ್ಬರಿನ ಪಟ್ಟಿ ಎಂದು ತೀರ್ಮಾನ ಮಾಡಿಕೊಂಡೆ. ಬಾಗಿಲಿನ ಚಿಲಕಕ್ಕೆ ಕಟ್ಟಿ ಎಳೆಯುವುದು. ಒಂದು ದಿನ ಬಿಟ್ಟರೂ ಏನೂ ಆಗುವುದಿಲ್ಲ, ಮಡಚಿ ಟ್ರಂಕಿನಲ್ಲಿ ಇಟ್ಟರೆ ಯಾರಿಗೂ ಕಾಣುವುದಿಲ್ಲ. ಇಷ್ಟು ಸುಲಭದ ಉಪಾಯ ಇದ್ದೂ ಸುಮ್ಮನೆ ಹೆದರಿದೆನಲ್ಲ ಎಂದು ನನಗೇ ನಗು ಬಂತು.

ಇಂದುಮತಿಯನ್ನು ಆಟೋದಲ್ಲಿ ಕರೆದುಕೊಂಡು ಕೊಟ್ರೇಶಿಯ ವ್ಯಾಯಾಮದ ಸಾಮಾನಿನ ಅಂಗಡಿಗೆ ಹೋದೆ. ಕೊಟ್ರೇಶಿ ನಮ್ಮ ಶಾಲೆಯಲ್ಲಿ ಓದಿದವನು, ನಾನು ಅಟೆಂಡರ್ ಎಂದು ಗೊತ್ತಿದ್ದೂ ಮೇಷ್ಟ್ರೇ ಎಂದೇ ಕರೆಯುತ್ತಾನೆ. ಅವನ ತೋಳು ನಮ್ಮ ತೊಡೆಯಷ್ಟಿದೆ, ಅವನ ಹೆಂಡತಿಯದೂ ಏನು ಕಡಿಮೆಯಿಲ್ಲ. ಅಂಗಡಿಯ ಮಾಲು ಕೂರದಂತೆ ಗಂಡ ಹೆಂಡತಿ ಇಬ್ಬರೂ ದಿನಾ ಒಂದೊಂದನ್ನೂ ಎತ್ತಿಡಬೇಕು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ. ಗಿರಾಕಿಗಳು ಅವರ ಮೈಕಟ್ಟು ನೋಡಿ ಮರುಳಾಗುತ್ತಾರೆ, ಅವರಿಗೋ ಯಾವಾಗ ಮಾಲು ಖಾಲಿಯಾಗಿ ಸೊಂಟಕ್ಕೆ ಬಿಡುವು ಸಿಕ್ಕೀತು ಎಂಬ ಚಿಂತೆ. ನಮ್ಮನ್ನು ಕಂಡವನೇ, "ಬರ್ರಿ ಮೇಷ್ಟ್ರೇ, ಏನಾದ್ರೂ ಒಂದು ತಗೊಂಡು ಹೋಗಿ ಪುಣ್ಯ ಕಟ್ಕೊಳ್ರಿ," ಎಂದ.

ನಾನು ರಬ್ಬರ್ ಪಟ್ಟಿ ಕೇಳಿದೆ. ಅವನು ಮುಖ ಸಣ್ಣದು ಮಾಡಿಕೊಂಡು ಕೆಂಪು, ಹಸಿರು, ಹಳದಿ ಪಟ್ಟಿಗಳನ್ನು ಹರವಿದ. ಪ್ಲಾಸ್ಟಿಕ್ಕಿನೊಳಗೆ ಮರಳು ತುಂಬಿದ ಡಂಬೆಲ್ಲನ್ನೂ ತೋರಿಸಿದ. ಹೆದರುವವರಿಗೆ ಅಂತಲೇ ಬರುತ್ತದೆ, ಚೆನ್ನಾಗಿ ಹೋಗುತ್ತದೆ ಎಂದ. ಇಂದುಮತಿ ಎರಡನ್ನೂ ಎಡಗೈಯಲ್ಲಿ ಮುಟ್ಟಿ ನೋಡಿ ಬಿಟ್ಟಳು. ಅವಳ ಕಣ್ಣು ಕೆಳಗಿನ ಹಲಗೆಯ ಮೇಲಿತ್ತು. ಅಲ್ಲಿ ಕಪ್ಪಗೆ ಸಾಲಾಗಿ ಕಬ್ಬಿಣದವು ಇದ್ದವು. ಇದು ಬೇಡ, ಹುಡುಗಿ ಹೇಳಿದ್ದು ಹಗುರದ್ದು ಎಂದು ನಾನು ಶುರು ಮಾಡುವಷ್ಟರಲ್ಲಿ ಅವಳು ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ಬಲಗೈಯನ್ನು ಹಿಡಿದು ತಂದು, ಒಂದರ ಹಿಡಿಕೆಯ ಮೇಲೆ ಇಟ್ಟಾಗಿತ್ತು. ಎತ್ತಿದಳು. ಒಂದು ತುದಿ ಬೆರಳಗಲ ಎದ್ದು ಬಿತ್ತು. ಅದಕ್ಕಿಂತ ಚಿಕ್ಕದು, ಒಂದು ಕಿಲೋದ್ದು ಇದೆ ಎಂದು ಕೊಟ್ರೇಶಿ ತೋರಿಸಿದ. ಅದು ಮಕ್ಕಳ ಗಿಲಕಿಯ ಹಾಗಿದೆ, ನನ್ನ ಒನಕೆಯ ಭಾರ ಇರುವುದು ಇದರಲ್ಲಿ ಎಂದು ಅವಳು ಮೊದಲಿನದನ್ನೇ ಹಿಡಿದುಕೊಂಡಳು.

ನಾನು ಅವಳ ಕಿವಿಯ ಹತ್ತಿರ ಬಗ್ಗಿ, ಒಂದು ದಿನ ಆಗದಿದ್ದರೆ ಏನು ಗತಿ, ಅಣ್ಣನ ಕಥೆ ಮರೆತೆಯಾ ಎಂದು ಕೇಳಿದೆ. ಅವಳು ಮರೆತಿರಲಿಲ್ಲ. ಅದಕ್ಕೇ ಕಬ್ಬಿಣದ್ದೇ ಬೇಕು ಎಂದಳು. ಆಮೇಲೆ ಕೊಟ್ರೇಶಿ ಕೇಳಿಸಿಕೊಳ್ಳುತ್ತಾನೆ ಎಂಬ ಸಂಕೋಚವೂ ಇಲ್ಲದೆ ಹೇಳಿದಳು: "ನೀನು ಚೆನ್ನಾಗಿ ಆಗ್ತಾ ಇದೀಯ ಅಂತ ನೀವೂ ಅಂತೀರಿ, ಮಗಳೂ ಅಂತಾಳೆ, ಪಕ್ಕದ ಮನೆ ಓಂಕಾರಮ್ಮನೂ ಅಂತಾಳೆ. ಎಲ್ಲಾರೂ ನನ್ನ ಮುಖ ನೋಡಿ ಹೇಳೋರೇ. ಇದು ಯಾರ ಮುಖಾನೂ ನೋಡಲ್ಲ. ಎತ್ತಿದ್ರೆ ಏಳ್ತೈತೆ, ಇಲ್ಲಾಂದ್ರೆ ಕೂರ್ತೈತೆ. ನನಗೆ ಅಷ್ಟು ಗೊತ್ತಾದ್ರೆ ಸಾಕು."

ಕೊಟ್ರೇಶಿ ಅದನ್ನು ಒರೆಸಿ ಚೀಲಕ್ಕೆ ಹಾಕಿದ. ಆಟೋ ಹತ್ತಿದ ಮೇಲೆ ಇಂದುಮತಿ ನನ್ನ ಕಡೆ ತಿರುಗಿ, ಮನೆಯ ಬೇರೆ ಕಬ್ಬಿಣವನ್ನೆಲ್ಲ ಏನು ಬೇಕಾದರೂ ಮಾಡಿ, ಇದೊಂದನ್ನು ಮುಟ್ಟಬಾರದು ಎಂದಳು. ನಾನು ಮುಟ್ಟುವುದಿಲ್ಲ ಎಂದೆ. ಹೇಳುವಾಗ ನಿಜವಾಗಿಯೂ ಮುಟ್ಟಬಾರದೆಂದೇ ಇದ್ದೆ.

ನಮ್ಮ ಹಜಾರದ ಕಿಟಕಿಯ ಕೆಳಗೆ ಗೋಡೆಗೆ ಸೇರಿದಂತೆ ಒಂದು ಕಲ್ಲಿನ ಕಟ್ಟೆ ಇದೆ, ಮಂಡಿಗಿಂತ ಸ್ವಲ್ಪ ಎತ್ತರ. ಅದರ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡೇ ಅವಳು ಪುಡಿ ಕುಟ್ಟುತ್ತಿದ್ದದ್ದು. ಡಂಬೆಲ್ಲನ್ನು ಆ ಕಟ್ಟೆಯ ಮೇಲೆ ಇಡಿಸಿದಳು. ಬೆಳಿಗ್ಗೆ ತಿಂಡಿ ಆದ ಮೇಲೆ ನಾನು ಅವಳನ್ನು ಹಿಡಿದು ಚಾಪೆಯ ಮೇಲೆ ಕೂರಿಸಬೇಕು, ಕೂರಿಸಿ ಒಳಗೆ ಹೋಗಬೇಕು. ನೋಡುತ್ತಾ ನಿಂತರೆ ನಿಮ್ಮ ಮುಖ ನೋಡಿಯೇ ನನ್ನ ಕೈ ಸೋಲುತ್ತದೆ ಎನ್ನುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಕಿವಿ ನಿಮಿರಿಸಿಕೊಂಡಿರುತ್ತಿದ್ದೆ. ಕಲ್ಲಿನ ಮೇಲೆ ಕಬ್ಬಿಣ ಬಿದ್ದ ಸದ್ದು ಕೇಳುತ್ತಿತ್ತು. ಪೂರ್ತಿ ಎದ್ದು ಬಿದ್ದದ್ದೋ, ಒಂದು ತುದಿ ಎದ್ದು ಬಿದ್ದದ್ದೋ, ಸದ್ದಿನಿಂದ ಹೇಳುವುದು ಹೇಗೆ? ಅವಳಿಗೇ ಅದು ಗೊತ್ತಾಗುತ್ತಿರಲಿಲ್ಲ. ಜೋಮು ಹಿಡಿದಂಥ ಕೈ, ಎದ್ದರೂ ಎಳ್ಳಷ್ಟು, ಎದ್ದ ಹಾಗೂ ಇತ್ತು ಇಲ್ಲದ ಹಾಗೂ ಇತ್ತು, ನಾಳೆ ಬೆಳಿಗ್ಗೆ ನೋಡಬೇಕು ಎಂದು ನಗುತ್ತಿದ್ದಳು. ನಗಲು ಅವಳಿಗೆ ಹೇಗೆ ಸಾಧ್ಯವಾಗುತ್ತಿತ್ತೋ. ನನಗಂತೂ ಮಧ್ಯಾಹ್ನದ ಅನ್ನ ಒಳಗೆ ಹೋಗುತ್ತಿರಲಿಲ್ಲ.

ತಂದ ದಿನ ಮುಟ್ಟಲಿಲ್ಲ, ಅವತ್ತು ಕಟ್ಟೆಯ ಮೇಲೆ ಇಡುವಾಗ ಹೇಗೂ ಎತ್ತಿದ್ದಾಗಿತ್ತು. ಎರಡನೆಯ ದಿನ ಸಂಜೆ ಅವಳು ದೇವರ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಾನು ಹಜಾರದಲ್ಲಿ ಕಿಟಕಿ ಮುಚ್ಚಲು ಹೋದೆ. ಡಂಬೆಲ್ ಕಟ್ಟೆಯ ಮೇಲೆ ಕಪ್ಪಗೆ ಕೂತಿತ್ತು, ಅಂದರೆ ಇನ್ನೂ ಕೂತಿರಲಿಲ್ಲ, ಕೂರಲು ಕಾಯುತ್ತಿತ್ತು. ಅಣ್ಣನ ಬೆನ್ನು ನೆನಪಾಯಿತು. ಗೋಡೆಗೆ ಮುಖ ಮಾಡಿದವನ ಬೆನ್ನು. ನನ್ನ ಕೈ ನನ್ನನ್ನು ಕೇಳಲಿಲ್ಲ. ಎತ್ತಿ, ಕೆಳಗೆ ಗಾಳಿ ಹಾಯಿಸಿ, ಸದ್ದಾಗದಂತೆ ಇಟ್ಟೆ. ಇಟ್ಟ ಮೇಲೆ ಎಷ್ಟು ಹಾಯೆನಿಸಿತು ಎಂದರೆ ಅವತ್ತು ರಾತ್ರಿ ಎರಡು ಮುದ್ದೆ ಉಂಡೆ. ಬೆಳಿಗ್ಗೆ ಅವಳು ಅದನ್ನು ಬೆರಳಿನಿಂದ ತಳ್ಳಿ ನೋಡಿದಳು. ಹೊರಳಿತು. ಅವಳ ಮುಖ ಅರಳಿತು. ಆ ಮುಖ ನೋಡಿದ ಮೇಲೆ ನಾನು ನಿಲ್ಲಿಸುವುದಾದರೂ ಹೇಗೆ ಹೇಳಿ? ಊರಿಗೆ ಊರೇ ಒಬ್ಬರ ಕಬ್ಬಿಣ ಒಬ್ಬರು ಎತ್ತಿಡುತ್ತದೆ, ಕಟ್ಟಿಕೊಂಡ ಹೆಂಡತಿಯದನ್ನು ನಾನು ಎತ್ತಿಟ್ಟರೆ ಏನು ಮಹಾ ಎಂದುಕೊಂಡೆ.

ಆಮೇಲೆ ಅದು ದಿನದ ಕೆಲಸವಾಯಿತು. ಅವಳು ದೇವರ ಮನೆಗೆ, ನಾನು ಕಿಟಕಿಗೆ. ಒಂದೊಂದು ದಿನ ಓಂಕಾರಮ್ಮ ಹರಟೆಗೆ ಬಂದು ಕಟ್ಟೆಯ ಮೇಲೇ ಕೂತುಬಿಡುತ್ತಿದ್ದಳು. ಪಕ್ಕದ ಮನೆಯ ಹೆಂಗಸು, ಎದ್ದು ಹೋಗು ಎನ್ನುವಂತಿಲ್ಲ. ಕತ್ತಲಾಗುತ್ತಿದ್ದಂತೆ ನನಗೆ ಮುಳ್ಳಿನ ಮೇಲೆ ನಿಂತ ಹಾಗೆ. ಕಿಟಕಿಗೆ ಸೊಳ್ಳೆ ಬರುತ್ತದೆ, ಮಳೆ ಬರುತ್ತದೆ, ಬೆಕ್ಕು ಬರುತ್ತದೆ ಎಂದು ಏನೇನೋ ಹೇಳಿ ಅವಳನ್ನು ಎಬ್ಬಿಸುತ್ತಿದ್ದೆ. ಒಮ್ಮೆ ನನಗೆ ಜ್ವರ ಬಂತು. ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗಿ ಎತ್ತಿಟ್ಟು ಬಂದೆ.

ಇಂದುಮತಿಯ ಹುರುಪು ಮಾತ್ರ ದಿನದಿನಕ್ಕೆ ಏರಿತು. ಕೈ ಬರುತ್ತಿದೆ ಎಂದು ಮಗಳಿಗೆ ಫೋನ್ ಮಾಡಿದಳು. ಬೆಳಿಗ್ಗೆ ಡಂಬೆಲ್ ಹೊರಳಿಸಿ ನೋಡುವುದನ್ನು ತೋರಿಸಲು ಓಂಕಾರಮ್ಮನನ್ನು ಕರೆಸಿದಳು. ತಿಂಗಳಾಯಿತೆಂದು ಎಡಗೈಯಲ್ಲೇ ಸಜ್ಜಿಗೆ ಮಾಡಿ ಬೀದಿಗೆಲ್ಲ ಹಂಚಿಸಿದಳು. ಹಂಚಿದವನು ನಾನೇ. ಮನೆ ಮನೆಗೆ ಬಟ್ಟಲು ಹಿಡಿದುಕೊಂಡು ಹೋಗಿ, ಎಲ್ಲರೂ ಕೈ ಹೇಗಿದೆ ಎಂದು ಕೇಳಿದಾಗ, ದಿನಾ ಎತ್ತುತ್ತಿದ್ದಾಳೆ ಎಂದು ಹೇಳಿ ಬಂದೆ. ಸುಳ್ಳೆಂದು ಹೇಳಲು ನನಗೆ ಆಧಾರವಾದರೂ ಎಲ್ಲಿತ್ತು? ಅವಳು ಎತ್ತುತ್ತಲೂ ಇರಬಹುದಲ್ಲ. ನನ್ನದು ಮೇಲಿನ ಭದ್ರತೆ ಅಷ್ಟೇ. ಹೀಗೆ ಸಮಾಧಾನ ಹೇಳಿಕೊಂಡರೂ ಸಜ್ಜಿಗೆ ನನ್ನ ಬಾಯಿಗೆ ಸಿಹಿ ಎನಿಸಲಿಲ್ಲ.

ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ತಿಂಡಿಗೆ ಮುಂಚೆಯೇ ಅವಳು ಹಜಾರದಿಂದ ಕರೆದಳು. ಹೋದೆ. ಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನ ಮುಖ ನೋಡಿಕೊಂಡೇ ಎಡಗೈಯ ಒಂದು ಬೆರಳಿನಿಂದ ಡಂಬೆಲ್ಲನ್ನು ತಳ್ಳಿದಳು. ಅದು ಗರಗರ ಎಂದು ಹೊರಳಿ ಗೋಡೆಗೆ ತಾಗಿ ನಿಂತಿತು. ನಾನು ಎಂದಿನಂತೆ ಭಲೇ ಎಂದೆ.

"ನಿನ್ನೆ ನಾನು ಇದನ್ನ ಮುಟ್ಟೇ ಇಲ್ಲ," ಎಂದಳು.

ಹಿಡಿಕೆಯ ಮೇಲಿನ ತೂಕದ ಅಂಕಿಯನ್ನು ಅವಳು ಯಾವಾಗಲೂ ಕಿಟಕಿಯ ಕಡೆ ಮಾಡಿ ಇಡುತ್ತಿದ್ದಳಂತೆ, ಮೊನ್ನೆ ಅದು ಬಾಗಿಲ ಕಡೆ ತಿರುಗಿತ್ತಂತೆ. ಅದಕ್ಕೇ ನಿನ್ನೆ ಚಾಪೆಯ ಮೇಲೆ ಸುಮ್ಮನೆ ಕೂತಿದ್ದು, ಹಿತ್ತಾಳೆಯ ಚೊಂಬೊಂದನ್ನು ಕಟ್ಟೆಯ ಮೇಲೆ ಎತ್ತಿ ಎತ್ತಿ ಹಾಕಿ ನನಗೆ ಸದ್ದು ಕೇಳಿಸಿದ್ದಳು. ನಾನು ಅಣ್ಣನ ಹೆಸರು ಎತ್ತಿದೆ. ಹೆದರಿಕೆ ಎಂದೆ, ಊರಲ್ಲಿ ಎಲ್ಲರೂ ಮಾಡುವುದೇ ಅಲ್ಲವೇ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಇಷ್ಟು ದಿನದಾಗೆ ನಾನು ಎತ್ತಿದ್ದು ಯಾವತ್ತು, ಬರೀ ನೀವು ಎತ್ತಿದ್ದು ಯಾವತ್ತು? ಅದನ್ನಾದ್ರೂ ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅವಳು ಎತ್ತಿದ್ದ ದಿನಗಳೂ ಇದ್ದಿರಬಹುದು, ಅವುಗಳನ್ನೂ ನಾನು ನನ್ನದರ ಜೊತೆ ಕಲಸಿ ಹಾಕಿದ್ದೆ. ಸಜ್ಜಿಗೆ ತಿಂದವರಿಗೆ ಏನು ಹೇಳುವುದು ಎಂದು ಅವಳು ತನ್ನಷ್ಟಕ್ಕೆ ಕೇಳಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಮದುವೆಯಾದ ಲಾಗಾಯ್ತು ನನ್ನ ಪುಕ್ಕಲುತನವನ್ನು ನಕ್ಕು ಬಿಡುತ್ತಿದ್ದವಳು ಅವತ್ತು ನಗಲಿಲ್ಲ.

ಅವಳು ಕಣ್ಣೊರೆಸಿಕೊಂಡು, ತನ್ನನ್ನು ಚಾಪೆಯ ಮೇಲೆ ಕೂರಿಸಿ ಸಂಜೆಯ ತನಕ ಎಲ್ಲಾದರೂ ಹೋಗಿಬರಲು ಹೇಳಿದಳು. ಮಧ್ಯೆ ಏಳಬೇಕಾದರೆ ಓಂಕಾರಮ್ಮನನ್ನು ಕೂಗುತ್ತೇನೆ ಎಂದಳು. ಸಂಜೆ ಬಂದ ಮೇಲೂ ಹಜಾರದ ಈ ಬದಿಗೆ ಬರಕೂಡದು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಎಲ್ಲಿಗೆ ಹೋಗುವುದು? ಪೇಟೆ ಬೀದಿಯಲ್ಲಿ ಗುದ್ದಲಿಯನ್ನು ಬಳಸಿಕೊಂಡು ಹೋಗುವಾಗ ಅದನ್ನು ಮರೆತವನನ್ನು ಮೊದಲ ಸಲ ನೆನೆದುಕೊಂಡೆ. ಪಾಪ, ಮಾರನೆಯ ದಿನ ಬಂದು ಎಷ್ಟು ಎಳೆದಿರಬೇಕು. ಅಂಚೆ ಕಚೇರಿಯ ಸೈಕಲ್ಲಿನ ಮೇಲೆ ಜಾಗ ಖಾಲಿಯಿತ್ತು, ಸ್ವಲ್ಪ ಹೊತ್ತು ಕೂತೆ. ಕೂತವನಿಗೆ ಕೈ ಕಡಿಯತೊಡಗಿತು. ಕಡೆಗೆ ಕೊಟ್ರೇಶಿಯ ಅಂಗಡಿಗೆ ಹೋದೆ. ಅವನು ಮಾಲು ಎತ್ತಿಡುತ್ತಿದ್ದ. ಏನೂ ಹೇಳದೆ ನಾನೂ ಒಂದು ಕಡೆಯಿಂದ ಶುರು ಮಾಡಿದೆ. ಡಂಬೆಲ್, ಕಂಬಿ, ತೂಕದ ಬಿಲ್ಲೆ, ಒಂದಾದ ಮೇಲೊಂದು. ಸೊಂಟ ಹಿಡಿಯುವ ತನಕ ಎತ್ತಿದೆ. ಕೊಟ್ರೇಶಿ ಟೀ ತರಿಸಿಕೊಟ್ಟು, ಅಕ್ಕನ ಕೈ ಹೇಗಿದೆ ಎಂದು ಕೇಳಿದ. ಗೊತ್ತಿಲ್ಲ ಕಣಪ್ಪ ಎಂದೆ. ಅಷ್ಟು ದಿನದಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟ ಒಂದೇ ಒಂದು ನಿಜವಾದ ಉತ್ತರ ಅದು.

ಸಂಜೆ ಮನೆಗೆ ಬಂದಾಗ ಅವಳು ಕುರ್ಚಿಯ ಮೇಲಿದ್ದಳು. ಎಬ್ಬಿಸಿದ್ದು ಓಂಕಾರಮ್ಮ. ಬಲಗೈಯ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡಿದ್ದು ಕಂಡಿತು. ದೀಪದ ಹೊತ್ತಾಯಿತು. ಅವಳು ದೇವರ ಮನೆಗೆ ಹೋದಳು. ಹಜಾರದಲ್ಲಿ ನಾನು, ಆ ಬದಿಯಲ್ಲಿ ಅದು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಹೋಗಿ ಎತ್ತಿಟ್ಟುಬಿಡು, ಈ ಸಲ ಅಂಕಿಯನ್ನು ಕಿಟಕಿಯ ಕಡೆಗೇ ಮಾಡಿ ಇಡು ಎಂದು ಮನಸ್ಸು ಹೇಳುತ್ತಲೇ ಇತ್ತು. ಹೊರಬಂದವಳು ಮೊದಲು ನೋಡಿದ್ದು ನನ್ನ ಕೈಗಳನ್ನು. ಹಾಗೆ ಕೂತಿದ್ದವನನ್ನು ಕಂಡು ಏನನ್ನಿಸಿತೋ, ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.

ಬೆಳಗಾಯಿತು. ಅವಳು ಸ್ನಾನ ಮಾಡಿ ಬಂದು, ಕೂರಿಸಿ ಎಂದು ಕೈ ಚಾಚಿದಳು. ಚಾಪೆಯ ಮೇಲೆ ಕೂರಿಸಿದೆ. ಈ ಸಲ ಹೋಗಿ ಎನ್ನಲಿಲ್ಲ. ನಾನು ಕಂಬದ ಹಾಗೆ ಅಲ್ಲೇ ನಿಂತೆ. ಅವಳು ಬಲಗೈಯನ್ನು ಎಡಗೈಯಿಂದ ತಂದು ಹಿಡಿಕೆಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ತಳ್ಳಿದಳು. ಹೊರಳಲಿಲ್ಲ. ಎಳೆದಳು. ಗೋಡೆಯನ್ನೇ ಎಳೆದ ಹಾಗೆ.

ಕೂತುಬಿಟ್ಟಿತ್ತು.

ನಿನ್ನೆ ಒಂದು ತುದಿ ಮೂರು ನಾಲ್ಕು ಸಲ ಎದ್ದಿತ್ತು, ಇನ್ನೊಂದು ತುದಿ ಬರಲಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ನನ್ನ ಕಣ್ಣಿಗೆ ಅಣ್ಣನ ಮಂಚ, ಆ ಗೋಡೆ, ಆ ಬೆನ್ನು ಬಂತು. ಎಲ್ಲ ಮುಗಿಯಿತು, ನಿನ್ನೆ ಸಂಜೆ ಒಂದು ಸಲ ಎತ್ತಿಟ್ಟಿದ್ದರೆ ಆಗುತ್ತಿತ್ತು ಎಂದು ಎದೆ ಬಡಿದುಕೊಳ್ಳುವಂತಾಯಿತು. ಇದು ಇಲ್ಲಿ ಕಾಣದಂತೆ ಮೇಲೊಂದು ಬಟ್ಟೆ ಹಾಕಬೇಕು, ಅವಳ ಕುರ್ಚಿಯನ್ನು ಆ ಕಡೆ ತಿರುಗಿಸಬೇಕು ಎಂದೆಲ್ಲ ಲೆಕ್ಕ ಹಾಕುತ್ತಾ, "ಬಿಡು ಇಂದೂ, ಏಳು," ಎಂದು ಬಗ್ಗಿ ಕೈ ಚಾಚಿದೆ.

ಅವಳು ನನ್ನ ಕೈ ಹಿಡಿಯಲಿಲ್ಲ. ಹಿಡಿಕೆಯ ಮೇಲಿದ್ದ ಬಲಗೈಯನ್ನೂ ತೆಗೆಯಲಿಲ್ಲ. ಎಡಗೈಯನ್ನು ತಂದು ಅದರ ಮೇಲೆ ಬಿಗಿಯಾಗಿ ಇಟ್ಟಳು, ಹಲ್ಲು ಕಚ್ಚಿ ಮತ್ತೆ ಎಳೆಯತೊಡಗಿದಳು. ಕತ್ತಿನ ನರ ಉಬ್ಬಿತು. ಕೂತದ್ದನ್ನು ಎಳೆದು ಏನು ಬಂತು, ಇವಳಿಗೆ ಬುದ್ಧಿ ಪಲ್ಲಟವಾಯಿತೋ ಏನೋ ಎಂದುಕೊಂಡೆ. ಬೇಡ ಕಣೇ, ಅದು ಬರುವುದಿಲ್ಲ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಚಾಪೆ ಸರಿಯಿತು. ಒಂದು ಮಂಡಿ ನೆಲ ಬಿಟ್ಟಿತು. ಇನ್ನೊಂದು ಪಾದ ಹುಡುಕಾಡಿ ಹುಡುಕಾಡಿ ನೆಲಕ್ಕೆ ಊರಿತು. ಅವಳು ಡಂಬೆಲ್ಲನ್ನು ಎತ್ತುತ್ತಿರಲಿಲ್ಲ, ಅದನ್ನು ಹಿಡಿದುಕೊಂಡು ತಾನು ಏಳುತ್ತಿದ್ದಳು. ನೋಡನೋಡುತ್ತ ಅವಳ ತಲೆ ನನ್ನ ಎದೆಯ ಮಟ್ಟಕ್ಕೆ ಬಂತು, ಭುಜದ ಮಟ್ಟಕ್ಕೆ ಬಂತು, ಅವಳು ನಿಂತಿದ್ದಳು. ಲಕ್ವ ಹೊಡೆದ ಮೇಲೆ ಯಾರ ಕೈಯೂ ಇಲ್ಲದೆ ನೆಲದಿಂದ ಎದ್ದು ನಿಂತದ್ದು ಅದೇ ಮೊದಲು. ಚಾಚಿದ ನನ್ನ ಕೈ ಚಾಚಿದ ಹಾಗೇ ಇತ್ತು.

ಉಸಿರು ತಹಬಂದಿಗೆ ಬಂದ ಮೇಲೆ ಅವಳು ನನ್ನ ಕೈಯನ್ನೂ ಕಟ್ಟೆಯ ಮೇಲಿನದನ್ನೂ ನೋಡಿದಳು. "ಇದು ಅಲುಗಲ್ಲ ಕಣ್ರೀ," ಎಂದಳು. "ನಿಮ್ಮ ಕೈ ಹಿಡ್ಕೊಂಡ್ರೆ ಯಾವಾಗ್ಲೂ ನಡುಗ್ತಿರ್ತಿತ್ತು."

ನಾನು ಕೈ ಮಡಚಿಕೊಂಡೆ. ಅಳು ಬಂತು, ಅವಳ ಮುಂದೆಯೇ ಅತ್ತೆ. ಅವಳು ಸೆರಗಿನಿಂದ ಬೆವರು ಒರೆಸಿಕೊಂಡು, ಮತ್ತೊಂದು ಸಲ ಕೂರುತ್ತೇನೆ, ಹಿಡಿಯಲು ಬರಬೇಡಿ ಎಂದಳು. ಕೂತಳು, ಎದ್ದಳು. ಎರಡನೆಯ ಸಲ ಇನ್ನೂ ಹೊತ್ತು ಹಿಡಿಯಿತು, ಆದರೂ ಎದ್ದಳು. ಓಂಕಾರಮ್ಮ ಬಾಗಿಲಲ್ಲಿ ನಿಂತು ಅಯ್ಯೋ ಕೂತುಬಿಟ್ಟಿತಾ ಎಂದು ಲೊಚಗುಟ್ಟಿದಳು. ಹ್ಞೂಂ, ಕೂತಿದೆ, ನೋಡು ಬಾ ಎಂದು ಇಂದುಮತಿಯೇ ಕರೆದು ತೋರಿಸಿದಳು. ಸಜ್ಜಿಗೆ ತಿಂದವರಿಗೆಲ್ಲ ಹೇಳಿಬಿಡು, ಅದು ನಮ್ಮ ಯಜಮಾನರು ಎತ್ತಿದ್ದಕ್ಕೆ ಮಾಡಿದ್ದು ಎಂದು ಹೇಳಿ ನಕ್ಕಳು. ಬಹಳ ದಿನದ ಮೇಲೆ ನನ್ನನ್ನು ನೋಡಿ ನಕ್ಕಳು.

ತಿಂಡಿಯಾದ ಮೇಲೆ, ಕೊಟ್ರೇಶಿ ಅಂಗಡಿ ತೆಗೆದಿರುತ್ತಾನೆಯೇ ಎಂದು ಕೇಳಿದಳು. ಆ ಒಂದು ಕಿಲೋದ್ದನ್ನು ತರಬೇಕಂತೆ, ಗಿಲಕಿಯಾದರೆ ಗಿಲಕಿಯೇ ಆಗಲಿ, ಅಲ್ಲಿಂದ ಶುರು ಮಾಡುತ್ತಾಳಂತೆ. ಕಬ್ಬಿಣದ್ದೇ ಬೇಕಾ ಎಂದು ನಾನು ಕೇಳಲಿಲ್ಲ. ಎಲ್ಲಿ ಇಡುತ್ತೀಯ ಎಂದು ಮಾತ್ರ ಕೇಳಿದೆ. ಕಟ್ಟೆಯ ಆ ತುದಿಯಲ್ಲಿ, ಅದೂ ಕೂತರೆ ಎರಡು ಕೈಗೂ ಒಂದೊಂದು ಹಿಡಿಕೆ ಆಗುತ್ತದೆ ಎಂದು ಹೇಳಿ ಚಪ್ಪಲಿ ಹುಡುಕಲು ಹೋದಳು. ನಾನು ಬಾಗಿಲು ಹಾಕುವ ಮುಂಚೆ ಅಭ್ಯಾಸದಂತೆ ಮನೆಯ ಕಬ್ಬಿಣವನ್ನೆಲ್ಲ ಎತ್ತಿಟ್ಟೆ. ಹಂಚು, ಈಳಿಗೆಮಣೆ, ಒನಕೆ ಆದವು. ಕೊನೆಗೆ ಕಟ್ಟೆಯ ಹತ್ತಿರ ಬಂದು ಅದನ್ನೂ ಹಿಡಿದು ಒಮ್ಮೆ ಎಳೆದು ನೋಡಿದೆ. ಬರಲಿಲ್ಲ. ಇನ್ನೊಮ್ಮೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಕೂತ ಕಬ್ಬಿಣವನ್ನು ಕಂಡು ನನ್ನ ಎದೆ ಹಗುರಾದದ್ದು ಹುಟ್ಟಿದ ಮೇಲೆ ಅದೇ ಮೊದಲು.